ಜಂಗ್ಲಿಸಾಬನ ಕಲಾಯಿ, ಗೌರವ್ವನ ಜೀರಿಗೆ ಅನ್ನ

ಕಲಾಯಿ ಜಂಗ್ಲಿಸಾಬನಿಗೆ ಹುಬ್ಬುಗಳಿರಲಿಲ್ಲ. ನಲವತ್ತು ವರ್ಷ ಕೆಂಡದ ಮೇಲೆ ಬಗ್ಗಿ ಕೆಲಸ ಮಾಡಿದ್ದರಿಂದ ಅವು ಸುಟ್ಟು, ಮತ್ತೆ ಚಿಗುರುವ ಆಸೆಯನ್ನೇ ಬಿಟ್ಟಿದ್ದವು. ಹೀಗಾಗಿ ಅವನ ಮುಖದಲ್ಲಿ ಯಾರೋ ಈಗಷ್ಟೇ ದೊಡ್ಡ ಸುದ್ದಿ ಹೇಳಿ ಹೋದಂಥ ಒಂದು ಬೆರಗು ಸದಾ ನಿಂತಿರುತ್ತಿತ್ತು. ವಾಸ್ತವದಲ್ಲಿ ಅವನು ಸುಲಭವಾಗಿ ಬೆರಗಾಗುವ ಮನುಷ್ಯನಲ್ಲ. ರೋಣದ ಶಾಲೆಯಲ್ಲಿ ಮಾಸ್ತರನಾಗಿ ನಾನು ಕಳೆದ ಏಳು ವರ್ಷಗಳಲ್ಲಿ ಅವನು ನಿಜಕ್ಕೂ ಗಾಬರಿಯಾದದ್ದನ್ನು ಒಮ್ಮೆ ಮಾತ್ರ ಕಂಡಿದ್ದೇನೆ. ಅದು ೧೯೫೬ರ ಫೆಬ್ರವರಿ ಎರಡನೆಯ ತಾರೀಖು, ಗುರುವಾರ, ಮಧ್ಯಾಹ್ನ. ಕಾರಣ ಒಂದು ಬೋಗುಣಿ ಅನ್ನ.

ಗಜೇಂದ್ರಗಡದವನಾದ ಅವನು ಎರಡು ವಾರಕ್ಕೊಂದು ಗುರುವಾರ ರೋಣಕ್ಕೆ ಬರುತ್ತಿದ್ದ. ನಡುವಿನ ದಿನಗಳು ಸವಡಿ, ಜಕ್ಕಲಿ, ಬೆಳವಣಕಿಗಳಿಗೆ ಹಂಚಿಹೋಗಿದ್ದವು. ಮೊದಲ ಬಸ್ಸಿನ ನೆತ್ತಿಯ ಮೇಲೆ ಅವನ ತೊಗಲಿನ ತಿದಿ, ಇದ್ದಿಲ ಚೀಲ, ಇಕ್ಕಳಗಳು. ಒಳಗೆ ಅವನು ಮತ್ತು ಅವನ ಹೆಂಡತಿ ಮದರಬಿ. ಒಮ್ಮೆ ಹೊಸ ಕಂಡಕ್ಟರನೊಬ್ಬ ತಿದಿಗೂ ಟಿಕೀಟು ತೆಗೆಸಬೇಕೆಂದನಂತೆ. ಮದರಬಿ, “ತಗಸತೇವಿ. ಆದ್ರ ಅದನ್ನ ಸೀಟಿನ ಮ್ಯಾಲ ಕುಂದರಸು, ಕಿಡಿಕ್ಯಾಗಿಂದ ಗಾಳಿ ಕುಡೀಲಿ” ಎಂದಳಂತೆ.

ನಮ್ಮ ಓಣಿಯ ಬೇವಿನ ಮರದ ಕೆಳಗೆ ಅವರ ಕುಣಿ. ತಿದಿಯ ಮೂತಿಯನ್ನು ಮಣ್ಣಿನಲ್ಲಿ ಹುಗಿದು ಮದರಬಿ ಗಾಳಿ ಊದುತ್ತಿದ್ದಳು. ಜಂಗ್ಲಿಸಾಬ ದೊಡ್ಡ ಪಾತ್ರೆಗಳೊಳಗೆ ಉಸುಕು ಹಾಕಿ, ತಾನೇ ಇಳಿದು ನಿಂತು, ಸೊಂಟ ತಿರುಗಿಸುತ್ತ ಕಾಲಿನಿಂದ ತಿಕ್ಕುತ್ತಿದ್ದ. ಆಮೇಲೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ಚಿಟಿಕೆ ನವಸಾಗರದ ಪುಡಿ ಎಸೆದು, ಬಿಳಿಯ ಹೊಗೆ ಏಳುತ್ತಿದ್ದಂತೆಯೇ ತವರದ ಕಡ್ಡಿಯನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರಸಿದರೆ ಕಲಾಯಿ ಮುಗಿಯಿತು. ಕಂದಿದ್ದ ಒಳಮೈಯಲ್ಲಿ ಅವನ ಹುಬ್ಬಿಲ್ಲದ ಮುಖ ಕಾಣುತ್ತಿತ್ತು. ಹಾಗೆ ಕಂಡ ಮೇಲೆಯೇ ಅವನು ಪಾತ್ರೆಯನ್ನು ನೀರಿಗೆ ಅದ್ದುತ್ತಿದ್ದುದು.

ಅವನ ವೃತ್ತಿಗೆ ಅಂಟಿಕೊಂಡ ದೊಡ್ಡ ಸಂಶಯವೆಂದರೆ ಸೀಸ. ತವರ ತುಟ್ಟಿ, ಸೀಸ ಸೋವಿ. ಎರಡನ್ನೂ ಬೆರೆಸಿದರೆ ಹೊಳಪು ಮೊದಲ ದಿನ ಒಂದೇ. ಆದರೆ ಸೀಸ ಹೊಟ್ಟೆಗೆ ವಿಷ. ಆದ್ದರಿಂದ ಜಂಗ್ಲಿಸಾಬ ಹೊಸ ಕಡ್ಡಿ ಹಿಡಿದಾಗಲೆಲ್ಲ ಅದನ್ನು ಗಿರಾಕಿಯ ಕಿವಿಯ ಹತ್ತಿರ ಬಗ್ಗಿಸುತ್ತಿದ್ದ. ಅಪ್ಪಟ ತವರ ಬಗ್ಗುವಾಗ ಕಿರುಗುಟ್ಟುತ್ತದೆ. “ಕೇಳ್ರಿ ಅಕ್ಕಾರ, ಅಳತೈತಿ. ಸೀಸಾ ಕೂಡಿದ್ರ ಮೂಕಾಗತೈತಿ” ಎನ್ನುವನು. ನನ್ನ ಹೆಂಡತಿ ಪ್ರತಿ ಸಲವೂ ಕೇಳಿ, ಪ್ರತಿ ಸಲವೂ “ಪಾಪ” ಎನ್ನುವಳು.

ಮದುವೆಯ ದಿನಗಳಲ್ಲಿ ಅವನು ನರಗುಂದದವರೆಗೂ ಹೋಗಿ, ನೂರಾರು ಜನರಿಗೆ ಅನ್ನ ಬೇಯುವ ದೇಗುಗಳಿಗೆ ಕಲಾಯಿ ಮಾಡುತ್ತಿದ್ದ. ಅಲ್ಲೊಂದು ಕಟ್ಟಳೆಯುಂಟು. ದೇಗಿಗೆ ಕಲಾಯಿ ಮಾಡಿದವನು ಅನ್ನ ಇಳಿಯುವವರೆಗೆ ಒಲೆಯ ಬಳಿಯೇ ನಿಂತಿರಬೇಕು. ಅನ್ನ ಕೆಟ್ಟರೆ ಬಾಣಸಿಗರು ಕಲಾಯಿಯವನತ್ತ ಬೆರಳು ಮಾಡುತ್ತಾರೆ, ಕಲಾಯಿಯವನು ಬಾಣಸಿಗರತ್ತ. ಹೊಗೆಯಲ್ಲಿ ಕಣ್ಣು ಉಪಯೋಗಕ್ಕೆ ಬಾರದೆ, ತುಪ್ಪ ಕಾದದ್ದನ್ನೂ ಜೀರಿಗೆ ಸಿಡಿದದ್ದನ್ನೂ ಅವನು ಕಿವಿಯಿಂದಲೇ ಗುರುತಿಸುವುದನ್ನು ಕಲಿತಿದ್ದ. ಇದನ್ನೆಲ್ಲ ಅವನು ನನಗೆ ಹೇಳಿದ್ದುಂಟು. ದಿನಚರಿಯಲ್ಲಿ ಬರೆದಿಟ್ಟುಕೊಂಡೆನೇ ಹೊರತು ಇದರಿಂದ ಯಾರಿಗಾದರೂ ಉಪಯೋಗವಾದೀತೆಂದು ನಾನು ಭಾವಿಸಿರಲಿಲ್ಲ.

ಇನ್ನು ಗೌರವ್ವನವರು. ನಮ್ಮ ಓಣಿಯ ಜವಳಿ ವ್ಯಾಪಾರಿ ಗುರುಸಂಗಪ್ಪನವರ ಹೆಂಡತಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಜೋಳದ ರೊಟ್ಟಿಯ ಸಪ್ಪಳಕ್ಕೆ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು; ಅದರಲ್ಲಿ ಎರಡು ರೊಟ್ಟಿ ನಮಗೂ ಬರುತ್ತಿದ್ದವು. ಆ ಹಂಚಿನ ಮೇಲೆ ಉಬ್ಬದ ರೊಟ್ಟಿಯನ್ನು ಯಾರೂ ಕಂಡವರಿಲ್ಲ. ಓಣಿಯಲ್ಲಿ ಹೊಸ ಸೊಸೆ ಬಂದರೆ ಹಿಟ್ಟು ನಾದುವುದನ್ನು ನೋಡಿ ಬರಲು ಮೊದಲು ಅವರ ಮನೆಗೆ ಕಳಿಸುತ್ತಿದ್ದರು. ಇಂಥವರ ಕೈಯ ಅಡುಗೆಯ ಬಗ್ಗೆ ಯಾರೂ ಎರಡು ಮಾತಾಡುವಂತಿರಲಿಲ್ಲ. ಅವರಿಗೂ ಹಾಗೆ ಕೇಳಿ ರೂಢಿಯಿರಲಿಲ್ಲ.

ಆ ಜನವರಿಯಲ್ಲಿ ಅವರ ಮಗಳಿಗೆ ಹಾನಗಲ್ಲ ಕಡೆಯ ಸಂಬಂಧ ಕೂಡಿಬಂತು. ಇಪ್ಪತ್ತೊಂಬತ್ತನೆಯ ತಾರೀಖು, ರವಿವಾರ, ನಿಶ್ಚಯದ ಊಟ. ಬೀಗರು ಭತ್ತದ ಸೀಮೆಯವರು. “ರೊಟ್ಟ್ಯಾಗ ನಾವು ಗೆಲ್ತೇವಿ, ಖರೇ. ಆದ್ರ ಅನ್ನದಾಗ ಸೋಲಬಾರದು” ಎಂದರು ಗುರುಸಂಗಪ್ಪನವರು. ಅವರು ಅರಿವೆಯ ಖರೀದಿಗೆ ಹುಬ್ಬಳ್ಳಿಗೆ ಹೋದಾಗ ಒಂದು ಹೊಸ ಹೋಟೆಲಿನಲ್ಲಿ ಜೀರಿಗೆ ಅನ್ನ ಉಂಡಿದ್ದರು. ಹೆಂಡತಿಗೆ ಅದನ್ನು ವರ್ಣಿಸಿದರು: ಅನ್ನದ ಅಗಳು ಒಂದಕ್ಕೊಂದು ಅಂಟಿರಲಿಲ್ಲ, ಜೀರಿಗೆಯನ್ನು ತುಪ್ಪದಲ್ಲಿ ಹುರಿದು, ಅದೇ ಬೋಗುಣಿಯಲ್ಲಿ ಅಕ್ಕಿ ಹಾಕಿ ಬೇಯಿಸುತ್ತಾರಂತೆ. ಅವರು ತಂದದ್ದು ರುಚಿಯ ವರದಿ. ಒಲೆಯ ಮುಂದೆ ಏನು ನಡೆಯುತ್ತದೆಂಬುದು ಅವರಿಗೂ ತಿಳಿದಿರಲಿಲ್ಲ.

ನಮ್ಮ ಕಡೆಯಲ್ಲಿ ಅನ್ನ ಮಾಡುವ ಕ್ರಮವೇ ಬೇರೆ. ಎಸರು ಕುದಿಸುವುದು, ಅಕ್ಕಿ ಹಾಕುವುದು, ಬಸಿಯುವುದು. ಒಗ್ಗರಣೆಗೆ ಕಬ್ಬಿಣದ ಸೌಟು ಪ್ರತ್ಯೇಕ. ಕಲಾಯಿಯ ಪಾತ್ರೆಗೆ ನೀರಿಗಿಂತ ಮೊದಲು ಏನೂ ಬೀಳುತ್ತಿರಲಿಲ್ಲ. ಹತ್ತು ದಿನಗಳ ಹಿಂದಷ್ಟೇ, ಹತ್ತೊಂಬತ್ತರ ಗುರುವಾರ, ಜಂಗ್ಲಿಸಾಬನಿಂದ ಕಲಾಯಿ ಮಾಡಿಸಿದ ದೊಡ್ಡ ಹಿತ್ತಾಳೆಯ ಬೋಗುಣಿಯನ್ನು ಗೌರವ್ವನವರು ಒಲೆಗೆ ಏರಿಸಿದರು.

ನಾನೂ ಪಂಕ್ತಿಯಲ್ಲಿದ್ದೆ. ಅನ್ನ ಎರಡನೆಯ ಸಲ ಬಂದಾಗ, ಹಿರಿಯ ಬೀಗರಾದ ಪ್ರಭುಲಿಂಗಪ್ಪನವರು ಬಾಯಿಂದ ಏನನ್ನೋ ತೆಗೆದು, ಅಂಗೈಯಲ್ಲಿಟ್ಟು, ಬೆಳಕಿಗೆ ಹಿಡಿದರು. ಸಜ್ಜೆಯ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಬೆಳ್ಳಗೆ ಹೊಳೆಯುವ ಒಂದು ಮಣಿ.

“ಬೀಗತಿ!” ಎಂದು ಅವರು ಒಳಗೆ ಕೇಳುವಂತೆ ಕೂಗಿದರು. “ಅನ್ನದಾಗ ಮುತ್ತ ಹಾಕೂದು ನಮ್ಮ ಸೀಮ್ಯಾಗ ಇಲ್ಲ ಬಿಡ್ರಿ. ಹುಡಿಗಿಗೆ ಹಾಕೂದೆಲ್ಲಾ ಇದರಾಗನ ಮುಗಸಾವ್ರೇನು ಮತ್ತ?”

ಪಂಕ್ತಿಯೆಲ್ಲ ನಕ್ಕಿತು. ಅವರು ಹಾಸ್ಯದ ಮನುಷ್ಯರು; ನಿಶ್ಚಯಕ್ಕೆ ಏನೂ ಕುಂದಾಗಲಿಲ್ಲ. ಆದರೆ ಇನ್ನೂ ಎರಡು ತಟ್ಟೆಗಳಲ್ಲಿ ಅಂಥ ಮಣಿಗಳು ಸಿಕ್ಕವು. ಅಡುಗೆಯ ಮನೆಯಲ್ಲಿ ಮುಚ್ಚಳವೊಂದು ನೆಲಕ್ಕೆ ಬಡಿದ ಸಪ್ಪಳ ಕೇಳಿತು.

ಬೀಗರು ಹೋದ ಮೇಲೆ ಗೌರವ್ವನವರು ಬೋಗುಣಿಯನ್ನು ಬಗ್ಗಿಸಿ ನೋಡಿದರು. ತಳದಲ್ಲಿ ಹಿತ್ತಾಳೆ ಹಳದಿಯಾಗಿ ಬತ್ತಲೆ ಕಾಣುತ್ತಿತ್ತು; ಕಲಾಯಿ ಕರಗಿ ಹರಿದು, ಅಂಚಿನಲ್ಲಿ ಮಣಿಗಟ್ಟಿತ್ತು. ಮರುದಿನ ಮುಂಜಾನೆ ಅವರು ಬಾವಿಯ ಕಟ್ಟೆಯ ಮೇಲೆ ಅಂದದ್ದು ಒಂದೇ ಮಾತು: “ಸೀಸಾ ಬೆರಸ್ಯಾನ ಆ ಜಂಗ್ಲಿಸಾಬ.”

ಸಂಜೆಯ ಹೊತ್ತಿಗೆ ಆ ಮಾತು ಮೂರು ಓಣಿ ದಾಟಿತ್ತು. ಬುಧವಾರ ನನಗೆ ಶಾಲೆಯಲ್ಲಿ ತಿಳಿದುಬಂದ ಪ್ರಕಾರ ಹಾನಗಲ್ಲಿನ ಬೀಗರೆಲ್ಲ ದವಾಖಾನೆಯಲ್ಲಿ ಮಲಗಿದ್ದರು. ಅದೇ ದಿನ ಪ್ರಭುಲಿಂಗಪ್ಪನವರ ಕಾರ್ಡು ಬಂದು, ತಾವೆಲ್ಲ ಕ್ಷೇಮವೆಂದೂ, ಮುತ್ತನ್ನು ಜೋಪಾನವಾಗಿ ಇಟ್ಟಿದ್ದೇವೆಂದೂ ತಿಳಿಸಿತು. ಆ ಕಾರ್ಡನ್ನು ಯಾರೂ ಮೂರು ಓಣಿ ದಾಟಿಸಲಿಲ್ಲ.

ಗುರುವಾರ ದಂಪತಿಗಳು ಎಂದಿನಂತೆ ಬಂದು ಕೆಂಡ ಹೊತ್ತಿಸಿದರು. ಒಂಬತ್ತು ಗಂಟೆಯಾದರೂ ನಮ್ಮ ಮನೆಯ ಎರಡು ಪಾತ್ರೆಗಳನ್ನು ಬಿಟ್ಟರೆ ಬೇವಿನ ಕೆಳಗೆ ಏನೂ ಇರಲಿಲ್ಲ. ಮದರಬಿ ತಿದಿಯನ್ನು ನಿಲ್ಲಿಸಿದಳು.

“ಊರಿಗೂರ ಉಪಾಸ ಹಿಡದೈತೇನ್ರೀ ಮಾಸ್ತರ? ಒಬ್ಬರ ಮನ್ಯಾಗೂ ಬೋಗಾಣಿ ಇಲ್ಲಲ್ಲಾ?”

ಶಾಲೆಗೆ ಅಂದು ಸೂಟಿಯಾದ್ದರಿಂದ ಮನೆಯಲ್ಲೇ ಇದ್ದ ನಾನು ನಡೆದದ್ದನ್ನು ಹೇಳಿದೆ. ಜಂಗ್ಲಿಸಾಬ ಪೂರ್ತಿ ಕೇಳಿ, ಇಕ್ಕಳವನ್ನು ನಿಧಾನವಾಗಿ ಕೆಳಗಿಟ್ಟ. ಬೇರೆ ಊರುಗಳಿಗೂ ಇದು ಹೋಗದೆ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸೀಸ ಬೆರೆಸಿದವನೆಂದು ಒಮ್ಮೆ ಹೆಸರು ಬಿದ್ದರೆ ಸವಡಿಯಲ್ಲಾಗಲಿ ಜಕ್ಕಲಿಯಲ್ಲಾಗಲಿ ಯಾರೂ ಪಾತ್ರೆ ಕೊಡುವುದಿಲ್ಲ. ಪೇಟೆಯಲ್ಲಿ ಆಗಲೇ ಅಲ್ಯುಮಿನಿಯಂ ಪಾತ್ರೆಗಳು ತೂಗುಹಾಕಿಕೊಂಡು ನಗುತ್ತಿದ್ದವು. ಅವಕ್ಕೆ ಕಲಾಯಿಯೇ ಬೇಡ.

“ನಡೀರಿ” ಎಂದ.

ಗುರುಸಂಗಪ್ಪನವರ ಪಡಸಾಲೆಯ ಮುಂದೆ ನಿಂತು ಅವನು ಅಂಗಿಯ ಕಿಸೆಯಿಂದ ತವರದ ಕಡ್ಡಿ ತೆಗೆದ. ಗೌರವ್ವನವರು ಬಾಗಿಲಲ್ಲಿ ಕಾಣಿಸಿಕೊಂಡು ಮೊದಲೇ ತಡೆದರು.

“ಆ ಕಡ್ಡಿ ಒಳಗ ಇಟಗೋ. ಅದು ಅಳತೈತಿ ಅಂತ ನನಗೂ ಗೊತ್ತೈತಿ. ಕಡ್ಡಿ ತವರದ್ದು ತೋರಿಸಿ ಬೋಗಾಣಿಗೆ ಬ್ಯಾರೇನ ಬಳದ್ರ, ಕುಣ್ಯಾಗ ಇಳದ ನೋಡಿದವರ್ಯಾರು?”

“ಅಕ್ಕಾರ, ನಿಮ್ಮ ಅತ್ತೀಯವರ ಕಾಲದಿಂದ ಈ ಮನೀದು ಕಲಾಯಿ ಮಾಡೇನಿ.”

“ಅದಕ್ಕ ಸಿಟ್ಟ ಹೆಚ್ಚಿಗಿ ಬಂದೈತಿ. ಹೊಸಬ ಇದ್ದಿದ್ರ ಸುಮ್ಮನಿರತಿದ್ನಿ.”

ಜಂಗ್ಲಿಸಾಬ ಕಡ್ಡಿಯನ್ನು ಮತ್ತೆ ಕಿಸೆಗೆ ಹಾಕಿದ. ಆಮೇಲೆ ಒಂದು ಶರತ್ತು ಮುಂದಿಟ್ಟ. ಅದೇ ಬೋಗುಣಿಗೆ ಎಲ್ಲರ ಕಣ್ಣೆದುರು, ಈಗಲೇ, ಪುಕ್ಕಟೆಯಾಗಿ ಮತ್ತೆ ಕಲಾಯಿ ಮಾಡುತ್ತೇನೆ. ಗೌರವ್ವನವರು ಅದರಲ್ಲಿ ಅದೇ ಜೀರಿಗೆ ಅನ್ನವನ್ನು ಮಾಡಬೇಕು. “ಅವತ್ತ ಹ್ಯಾಂಗ ಮಾಡಿದ್ರಿ, ಒಂದಕ್ಷರ ಬದಲ ಮಾಡಲಾರದ ಹಂಗ ಮಾಡ್ರಿ. ಕಲಾಯಿ ಕರಗಿ ಓಡಿತು ಅಂದ್ರ ನಾ ಇನ್ನ ಈ ಊರಿಗೆ ತಿದಿ ತರಂಗಿಲ್ಲ.”

“ಇದು ಮಾತು” ಎಂದರು ಗುರುಸಂಗಪ್ಪನವರು. ಅವರಿಗೆ ಪಂದ್ಯವೆಂದರೆ ಇಷ್ಟ. ಅಲ್ಲದೆ ಜೀರಿಗೆ ಅನ್ನವೂ ಇಷ್ಟ. “ಮಾಸ್ತರು ಸಾಕ್ಷಿ. ಗಡಿಯಾರ ಐತಿ, ಬರಿಯೂ ಚಟಾನೂ ಐತಿ.”

ಬೋಗುಣಿಗೆ ಹೊಸ ಕಲಾಯಿಯಾಯಿತು. ಗೌರವ್ವನವರು ಒಂದು ಹೆಜ್ಜೆಯೂ ಅಲುಗದೆ ಕುಣಿಯ ಬಳಿ ನಿಂತು, ಕಡ್ಡಿ ಕಿಸೆಯಿಂದ ಹೊರಬಂದು ಬೋಗುಣಿಯನ್ನು ಮುಟ್ಟುವವರೆಗೆ ಕಣ್ಣಿಟ್ಟಿದ್ದರು. ಬಳಿಕ ಬೋಗುಣಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಅವರ ಒಲೆಯ ಮನೆಗೆ ಹೊರಗಿನವರು ಯಾರೂ ಕಾಲಿಡುತ್ತಿರಲಿಲ್ಲ, ನಾನೂ ಸಹ. ಆದ್ದರಿಂದ ಗುರುಸಂಗಪ್ಪನವರೂ ನಾನೂ ಪಡಸಾಲೆಯಲ್ಲಿ ಕುಳಿತೆವು. ಜಂಗ್ಲಿಸಾಬ ಹೊರಗಿನ ಕಟ್ಟೆಯ ಮೇಲೆ, ಒಲೆಯ ಮನೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಅವನ ತಲೆಯ ಮೇಲೆ ಹೊಗೆಯ ಗವಾಕ್ಷಿ. ಮದರಬಿ ಕಟ್ಟೆಯ ಕೆಳಗೆ ಕುಳಿತು, ಗಂಡನ ಮುಖವನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ. ಒಳಗೆ ಜೋಳದ ದಂಟು ಮುರಿದು ಒಲೆಗೆ ಹಾಕಿದ ಸಪ್ಪಳ. ಬೋಗುಣಿಯನ್ನು ಏರಿಸಿದ ಸಪ್ಪಳ. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

“ತುಪ್ಪ ಬಿದ್ದ ಸಪ್ಪಳ ಬರಲಿಲ್ಲಲ್ಲ” ಎಂದು ಜಂಗ್ಲಿಸಾಬ ತನ್ನಷ್ಟಕ್ಕೆ ಅಂದುಕೊಂಡ.

ಇನ್ನೂ ಸ್ವಲ್ಪ ಹೊತ್ತು. ಅಷ್ಟರಲ್ಲಿ ಗವಾಕ್ಷಿಯಿಂದ ‘ಛುಂಯ್’ ಎಂಬ ಸಣ್ಣ ಸದ್ದು ಬಂತು. ನಮ್ಮ ಮನೆಗೆ ಬೆಳಗು ಮಾಡುವ ಸದ್ದೇ ಅದು. ಹಂಚು ಕಾಯಿತೋ ಇಲ್ಲವೋ ಎಂದು ನೋಡಲು ಗೌರವ್ವನವರು ನೀರು ಚಿಮುಕಿಸುವ ಸದ್ದು.

ನಾನು ಹೇಳಿದ ಗಾಬರಿ ಆಗ ಕಂಡಿತು. ಜಂಗ್ಲಿಸಾಬ ಕಟ್ಟೆಯಿಂದ ಎಗರಿ ನಿಂತು ಗವಾಕ್ಷಿಗೆ ಬಾಯಿ ಕೊಟ್ಟು ಕೂಗಿದ:

“ಅಕ್ಕಾರ! ಇಳಸ್ರಿ! ಬೋಗಾಣಿ ಇಳಸ್ರಿ ಲಗೂ!”

ಒಳಗೆ ದಢಾರನೆ ಸಪ್ಪಳವಾಯಿತು. ಇಳಿಸಿದರು.

“ಯಾಕೋ, ಏನಾತು? ಹಾವ ಬಂತೇನು?” ಗೌರವ್ವನವರ ದನಿ.

“ಶರತ್ತ ಮುರದಿ ನೋಡು!” ಎಂದು ಗುರುಸಂಗಪ್ಪನವರು ತೊಡೆ ತಟ್ಟಿದರು. “ಒಂದಕ್ಷರ ಬದಲ ಮಾಡಬ್ಯಾಡ ಅಂದಾವ ನೀನ, ನಡುವ ಬಾಯಿ ಹಾಕಿದಾವನೂ ನೀನ.”

ಅವನ ಸಂಕಟ ನನಗೆ ಆಗ ಅರ್ಥವಾಯಿತು. ಒಣ ಬೋಗುಣಿಯನ್ನು ಹಂಚಿನ ಹಾಗೆ ಕಾಯಿಸಿದರೆ ಯಾವ ತವರವೂ ನಿಲ್ಲುವುದಿಲ್ಲ. ಸುಮ್ಮನಿದ್ದರೆ ಕಲಾಯಿ ಹರಿದು ಅವನು ಸೋಲುತ್ತಾನೆ. ಬಾಯಿಬಿಟ್ಟರೆ ಶರತ್ತಿನಲ್ಲಿ ಸೋಲುತ್ತಾನೆ. ಮೂರನೆಯ ದಾರಿಯೂ ಇತ್ತು: ‘ನಿಮ್ಮ ಅಡುಗೆಯೇ ತಪ್ಪು’ ಎಂದು ಗೌರವ್ವನವರಿಗೆ, ಅವರ ಗಂಡನೆದುರು, ಓಣಿಗೆ ಕೇಳುವಂತೆ ಹೇಳುವುದು. ಅವನು ಅದನ್ನೂ ಹಿಡಿಯಲಿಲ್ಲ.

“ಅಕ್ಕಾರ” ಎಂದ, ಈಗ ಮೆಲ್ಲಗೆ. “ಬೋಗಾಣಿ ಬಿಸಿ ಇರತಾಗನ ನಾಕ ಕಾಳ ಜೀರಗಿ ಅದರಾಗ ಹಾಕ್ರಿ. ಬಣ್ಣ ನೋಡಿ ಹೇಳ್ರಿ.”

ಸ್ವಲ್ಪ ತಡೆದು ಉತ್ತರ ಬಂತು. “ಕರ್ರಗಾದ್ವು.”

“ಎಷ್ಟೊತ್ತಿಗೆ?”

“ಬಿದ್ದ ಕೂಡ್ಲೆ.”

“ಕಲಾಯಿ?”

ಈ ಸಲ ಇನ್ನೂ ಹೆಚ್ಚು ತಡವಾಯಿತು. “ಐತಿ. ಹಂಗ ಐತಿ.”

ಜಂಗ್ಲಿಸಾಬ ನಮ್ಮ ಕಡೆ ತಿರುಗಿದ. “ಇಷ್ಟ ನೋಡ್ರಿ ಸಾವ್ಕಾರ. ದೇಗಿನ ಮುಂದ ನಮ್ಮ ಲೆಕ್ಕ ಇದು. ಸೀಸಾ ಬೆರತಿದ್ರ ಜೀರಗಿ ಕೆಂಪಾಗೂಕಿಂತ ಮೊದಲ ಕಲಾಯಿ ಓಡತೈತಿ. ತವರ ಇದ್ರ ಮೊದಲ ಜೀರಗಿ ಸುಡತೈತಿ, ಆಮ್ಯಾಲ ಕಲಾಯಿ ಓಡತೈತಿ. ಇನ್ನೊಂದು ಸ್ವಲ್ಪ ಒಲಿ ಮ್ಯಾಲ ಬಿಟ್ಟಿದ್ರ ಇದೂ ಓಡತಿತ್ತು.”

ಗುರುಸಂಗಪ್ಪನವರು ವ್ಯಾಪಾರಿಗಳು, ಸುಲಭವಾಗಿ ಬಿಡುವವರಲ್ಲ. “ಇವತ್ತಿಂದು ಸರಿ, ಒಪ್ಪಿದ್ನಿ. ಅವತ್ತಿಂದು? ಅವತ್ತ ಜೀರಗಿ ಸುಟ್ಟಿತ್ತೋ ಇಲ್ಲೋ ಹೇಳಾವ್ರ್ಯಾರು? ನನಗಂತೂ ನೆನಪಿಲ್ಲ. ಚಲೋ ಇತ್ತು ಅಂದು ಉಂಡಿದ್ನಿ.”

ಈಗ ನಾನು ಎದ್ದು ಮನೆಗೆ ಹೋಗಬೇಕಾಯಿತು. ದಿನಚರಿಯಲ್ಲಿ ಇಪ್ಪತ್ತೊಂಬತ್ತನೆಯ ತಾರೀಖಿನ ಪುಟದಲ್ಲಿ ನಿಶ್ಚಯದ ಮುಹೂರ್ತ, ಬೀಗರ ಸಂಖ್ಯೆ, ಬಡಿಸಿದ ಪದಾರ್ಥಗಳು ಎಲ್ಲ ಇದ್ದವು. ಕೊನೆಯ ಸಾಲನ್ನು ಪಡಸಾಲೆಯಲ್ಲಿ ನಿಂತು ಓದಿದೆ. ಗೋಡೆಯ ಆಚೆ ಕೇಳಿಸದಂತೆ ಓದಲು ಪ್ರಯತ್ನಿಸಿದೆ. ಆದರೆ ಇಪ್ಪತ್ತು ವರ್ಷ ಪಾಠ ಹೇಳಿದ ಗಂಟಲಿಗೆ ಆ ಅಭ್ಯಾಸವಿಲ್ಲ.

“‘ಅನ್ನದಲ್ಲಿಯ ಜೀರಿಗೆ ಕಪ್ಪಾಗಿತ್ತು, ತುಸು ಕಹಿ. ಚೆನ್ನಾಗಿದೆ ಎಂದು ಹೇಳಿದೆ.’”

ಗುರುಸಂಗಪ್ಪನವರು ನನ್ನನ್ನು ನೋಡಿದರು, ಆಮೇಲೆ ಗೋಡೆಯನ್ನು. ಒಳಗಿನಿಂದ ಬಳೆಯ ಸದ್ದೂ ಇಲ್ಲ. ನನ್ನ ಗಡಿಯಾರದಲ್ಲಿ ಪೂರ್ತಿ ನಾಲ್ಕು ನಿಮಿಷ ಹೀಗೆ ಕಳೆದವು. ಇನ್ನು ಮುಂದೆ ಈ ಮನೆಯಿಂದ ನಮಗೆ ರೊಟ್ಟಿ ಬಾರದೆಂದು ನಾನು ಮನಸ್ಸಿನಲ್ಲೇ ಖಚಿತಪಡಿಸಿಕೊಂಡೆ.

“ಜಂಗ್ಲಿಸಾಬ” ಎಂದರು ಗೌರವ್ವನವರು ಕೊನೆಗೆ.

“ಹೇಳ್ರಿ ಅಕ್ಕಾರ.”

“ಬೋಗಾಣಿ ಆರೇತಿ. ಮುಂದ ಹ್ಯಾಂಗ ಮಾಡ್ಲಿ, ಅಲ್ಲಿಂದನ ಹೇಳು.”

ಅವನು ಮತ್ತೆ ಕಟ್ಟೆಯೇರಿ ಗೋಡೆಗೆ ಕಿವಿಗೊಟ್ಟು ಕುಳಿತ. ಮುಂದಿನ ಅರ್ಧ ಗಂಟೆಯ ಅಡುಗೆಯನ್ನು ನಾವ್ಯಾರೂ ಕಾಣಲಿಲ್ಲ, ಎಲ್ಲರೂ ಕೇಳಿದೆವು.

“ಮೊದಲ ತುಪ್ಪ ಹಾಕ್ರಿ. ತಣ್ಣಗಿನ ಬೋಗಾಣ್ಯಾಗ ಹಾಕ್ರಿ. ಆಮ್ಯಾಲ ಒಲಿ ಮ್ಯಾಲ ಇಡ್ರಿ. ಉರಿ ಸಣ್ಣದಿರಲಿ.”

“ಎಷ್ಟ ತುಪ್ಪ?”

“ಸಾವ್ಕಾರ ಮನಿ ಐತಿ, ನಾ ಯಾಕ ಅಳತಿ ಹೇಳ್ಲಿ?”

“ಕೈ ಬಿಗಿ ಹಿಡಿ!” ಎಂದು ಗುರುಸಂಗಪ್ಪನವರು ಪಡಸಾಲೆಯಿಂದ ಕೂಗಿದರು. ಒಳಗೆ ಇನ್ನೊಂದು ಸೌಟು ಬಿದ್ದಂತೆ ನನಗೆ ಕೇಳಿಸಿತು.

ತುಪ್ಪ ಮೌನವಾಗಿ ಕರಗಿತು. ಒಂದು ಜೀರಿಗೆ ಕಾಳು ಹಾಕಿ ನೋಡಿರೆಂದ. ಸುತ್ತಲೂ ಸಣ್ಣ ಗುಳ್ಳೆ ಎದ್ದರೆ ಉಳಿದದ್ದನ್ನು ಹಾಕಬೇಕು. ಹಾಕಿದರು. ಚಿಟಚಿಟ ಶುರುವಾಯಿತು. ಅವನು ಕಣ್ಣು ಮುಚ್ಚಿ, ಒಂದು ಬೆರಳೆತ್ತಿ, ಸಂಗೀತದ ಮಾಸ್ತರರ ಹಾಗೆ ಕಾಯುತ್ತಿದ್ದ. ಸದ್ದು ಒತ್ತಾಗಿ, ಮತ್ತೆ ಬಿಡಿಬಿಡಿಯಾಗುವ ಹೊತ್ತಿಗೆ ಬೆರಳು ಇಳಿಯಿತು.

“ಅಕ್ಕಿ!”

“ಹಾಕಿದ್ನಿ. ಗ್ವಾಡಿ ಆಚಿ ಕುಂತು ನಿನಗ ಹ್ಯಾಂಗ ತಿಳೀತೋ? ನಾ ಇಲ್ಲೆ ನೋಡಕೋಂತ ನಿಂತರೂ ತಿಳೀಲಿಲ್ಲ.”

“ಹೊಗ್ಯಾಗ ನಿಂತ ಕಲ್ತದ್ದು ಅಕ್ಕಾರ. ಅಕ್ಕಿ ಮೆಲ್ಲಕ ಆಡಸ್ರಿ. ಉಸುಕಿನ ಸಪ್ಪಳ ಬರೂತನಕ.”

ನೆನೆಸಿ ಬಸಿದಿಟ್ಟ ಅಕ್ಕಿ ಮೊದಲು ಒದ್ದೆಯಾಗಿ ಪಿಸುಗುಟ್ಟಿ, ಆಮೇಲೆ ಬೋಗುಣಿಯ ಗೋಡೆಗೆ ಉಸುಕಿನಂತೆ ಉಜ್ಜತೊಡಗಿತು. ಕುದಿಯುವ ನೀರು ಬಿದ್ದಾಗ ಗವಾಕ್ಷಿಯಿಂದ ಬಂದ ವಾಸನೆಗೆ ಮದರಬಿ ಕೂಡ ಎದ್ದು ನಿಂತಳು. ಅಕ್ಕಿಯ ಎರಡರಷ್ಟು ನೀರು, ಉಪ್ಪು, ಮುಚ್ಚಳ. ಮುಚ್ಚಳದ ಮೇಲೆ ನಾಲ್ಕು ಕೆಂಡ.

“ಇನ್ನ ಹುಟ್ಟು ಮುಟ್ಟಬ್ಯಾಡ್ರಿ” ಎಂದ ಜಂಗ್ಲಿಸಾಬ.

“ಇದು ನುಚ್ಚಲ್ಲ, ಅಷ್ಟ ನನಗೂ ತಿಳೀತೈತಿ” ಎಂದರು ಗೌರವ್ವನವರು. ಆದರೆ ಕಟ್ಟಿಗೆಯ ಹುಟ್ಟನ್ನು ಕೆಳಗಿಟ್ಟ ಸದ್ದು ಆ ಮಾತಿನ ನಂತರ ಬಂತು.

ಅನ್ನ ಹೊರಗೆ ಬಂತು. ಅಗಳು ಅಗಳಾಗಿ ಬೆಳ್ಳಗೆ, ನಡುವೆ ಕಂದು ಜೀರಿಗೆ. ಕಟ್ಟೆಯ ಮೇಲೆ ಜಂಗ್ಲಿಸಾಬ ಮದರಬಿಯರಿಗೆ ಮುತ್ತಲ ಎಲೆ, ನಮಗೆ ತಟ್ಟೆ. ಬಡಿಸಿದ್ದು ಒಂದೇ ಸೌಟಿನಿಂದ. ನಾನು ಎರಡು ಸಲ ಹಾಕಿಸಿಕೊಂಡೆ. ‘ಚೆನ್ನಾಗಿದೆ’ ಎಂದೆ. ಗೌರವ್ವನವರು, “ಬರಕೊಂಡು ಆಮ್ಯಾಲ ಹೇಳ್ರಿ ಮಾಸ್ತರ” ಎಂದರು. ಬರಿದಾದ ಬೋಗುಣಿಯನ್ನು ಜಂಗ್ಲಿಸಾಬನ ಮುಂದೆ ತಂದಿಟ್ಟರು. ಅವನು ಕೈ ತೊಳೆದುಕೊಂಡು, ಬೆರಳಿನಿಂದ ತಳವನ್ನು ಸುತ್ತಲೂ ಸವರಿ ನೋಡಿದ. ಒಂದು ಮಣಿಯೂ ಇಲ್ಲ.

ಗುರುಸಂಗಪ್ಪನವರು ಎದ್ದುನಿಂತು ಗಂಭೀರವಾಗಿ, “ಜಂಗ್ಲಿಸಾಬನ ತವರ ಅಪ್ಪಟ. ನಾ ಹೇಳಾಕತ್ತೇನಿ” ಎಂದು ತೀರ್ಪು ಕೊಟ್ಟರು.

ಮದರಬಿ ಎಲೆ ಮಡಿಸುತ್ತ, “ನೀವು ಹೇಳಿದ್ದು ಭಾಳ ಚಲೋ ಆತ್ರಿ ಸಾವ್ಕಾರ. ಆದ್ರ ಮಾತ ಹುಟ್ಟಿದ್ದು ಬಾವಿ ಕಟ್ಟಿ ಮ್ಯಾಲ. ಅಲ್ಲಿಗೆ ಗಂಡಸರು ನೀರಿಗೆ ಬರಂಗಿಲ್ಲಲ್ಲಾ?” ಎಂದಳು.

ಜಂಗ್ಲಿಸಾಬ ಅವಳನ್ನು ಗದರಿದ. ಗೌರವ್ವನವರು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ದಂಪತಿಗಳು ನಮ್ಮ ಮನೆಯ ಎರಡು ಪಾತ್ರೆಗಳ ಕೆಲಸ ಮುಗಿಸಿ, ತಿದಿ ಸುತ್ತಿಕೊಂಡು, ಮೂರು ಗಂಟೆಯ ಬಸ್ಸಿಗೆ ಹೋದರು. ಎಂದೂ ಅಷ್ಟು ಬೇಗ ಹೋದವರಲ್ಲ. ಹೋಗುವಾಗ, “ಬರೂ ಗುರುವಾರ ಬಿಟ್ಟು ಮುಂದಿನ ಗುರುವಾರ ಬರಲ್ಯೋ ಬ್ಯಾಡೋ, ತಿಳೀವಲ್ದು” ಎಂದು ಜಂಗ್ಲಿಸಾಬ ನನಗೆ ಹೇಳಿದ. ಶುದ್ಧ ತವರವೆಂದು ನಾಲ್ಕು ಜನರಿಗೆ ಗೊತ್ತಾಗಿತ್ತು, ಸೀಸವೆಂದು ಇಡೀ ಊರಿಗೆ ಗೊತ್ತಿತ್ತು.

ಮರುದಿನ ಮುಂಜಾನೆಯದನ್ನು ನಾನು ನನ್ನ ಹೆಂಡತಿಯ ಬಾಯಿಂದ ಕೇಳಿ ಬರೆದುಕೊಂಡಿದ್ದೇನೆ. ಬಾವಿಯ ಬಳಿ ಒಂಬತ್ತು ಜನ ಹೆಂಗಸರಿದ್ದರು. ಗೌರವ್ವನವರು ಬಂದು, ಕೊಡವನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ನಿಂತರು.

“ಎಲ್ಲಾರೂ ಕೇಳ್ರಿ ಇಲ್ಲೆ. ಜಂಗ್ಲಿಸಾಬನ ತವರದಾಗ ಸೀಸಾನೂ ಇಲ್ಲ ಗೀಸಾನೂ ಇಲ್ಲ. ರೊಟ್ಟಿ ಹಂಚ ಕಾಸಿದಂಗ ಬೋಗಾಣಿ ಕಾಸಿದಾಕಿ ನಾನು. ಕಲಾಯಿ ಓಡೇತಿ, ಜೀರಗಿ ಸುಟ್ಟೇತಿ, ಬೀಗರ ಬಾಯಾಗ ಮುತ್ತ ಬಂದೈತಿ. ತಪ್ಪು ನಂದು.”

ಆಮೇಲೆ ಹಿಂದಿನ ಓಣಿಯ ಕಳಕವ್ವ, ಯಾವ ಅವಕಾಶವನ್ನೂ ಬಿಡದವಳು, “ಅಯ್ಯ, ಹಿಟ್ಟ ನಾದೂದನ್ನ ನಮ್ಮ ಸೊಸಿ ನಿಮ್ಮ ಮನ್ಯಾಗ ಕಲ್ತಾಳವ್ವ. ಅನ್ನ ಎಲ್ಲೆ ಕಳಸೂದು ಹಂಗಾರ?” ಎಂದಳು.

“ಜಂಗ್ಲಿಸಾಬನ ಕಡೆ ಕಳಸು. ನಾನೂ ಅಲ್ಲೇ ಕಲ್ತೇನಿ.”

“ಮತ್ತ ಮೊನ್ನಿ ಬೈದದ್ದು?”

“ಬೈದದ್ದು ಬೈದ್ನಿ. ಅದಕ್ಕ ನೀರ ತುಂಬೂಕಿಂತ ಮೊದಲ ಹೇಳಾಕತ್ತೇನಿ. ಕೊಡ ತುಂಬಿದಮ್ಯಾಲ ನೀವ್ಯಾರು ನಿಂತ ಕೇಳಾವ್ರು?”

ಹೆಂಗಸರು ನಕ್ಕರು. ಗೌರವ್ವನವರು ನಗದೆ ನೀರು ಸೇದಿಕೊಂಡು ಮನೆಗೆ ಬಂದರು. ಆ ದಿನ ನಮ್ಮ ಮನೆಗೆ ಎಂದಿನಂತೆ ರೊಟ್ಟಿಯೂ ಬಂತು. ನನ್ನ ದಿನಚರಿಯ ವಿಷಯ ಯಾರೂ ಎತ್ತಲಿಲ್ಲ. ಅಷ್ಟಕ್ಕೇ ನಿಲ್ಲಿಸದೆ, ಅವರು ಜಕ್ಕಲಿಗೆ ಹೊರಟಿದ್ದ ಸಂಬಂಧಿಕರೊಬ್ಬರ ಮೂಲಕ, ‘ಹದಿನಾರಕ್ಕೆ ತಪ್ಪದೆ ಬಾ’ ಎಂದು ಜಂಗ್ಲಿಸಾಬನಿಗೆ ಹೇಳಿಕಳಿಸಿದರು.

ಫೆಬ್ರವರಿ ಹದಿನಾರು, ಗುರುವಾರ. ತಿದಿ ಹೂಳುವ ಮೊದಲೇ ಬೇವಿನ ಕೆಳಗೆ ಪಾತ್ರೆಗಳು ಸಾಲಾಗಿ ಕುಳಿತಿದ್ದವು. ನಾನು ಶಾಲೆಗೆ ಹೋಗುವಾಗ ಎಣಿಸಿದೆ, ಮೂವತ್ತೊಂದು. ಅವುಗಳಲ್ಲಿ ಕೆಲವಕ್ಕೆ ಕಲಾಯಿಯ ಅವಶ್ಯಕತೆಯೇ ಇರಲಿಲ್ಲ. ಪಾತ್ರೆ ತಂದವರೆಲ್ಲ ಜೀರಿಗೆ ಅನ್ನದ ಕ್ರಮವನ್ನು ಕೇಳದೆ ಹೋಗುತ್ತಿರಲಿಲ್ಲ. ಜಂಗ್ಲಿಸಾಬ ಪ್ರತಿಯೊಬ್ಬರಿಗೂ ಮೊದಲಿನಿಂದ, ತುಪ್ಪದಿಂದ, ಬೆರಳೆತ್ತಿ ಹೇಳುತ್ತಿದ್ದ. ಹುಬ್ಬಿಲ್ಲದ ಆ ಮುಖ ಅಂದು ನಿಜವಾಗಿಯೂ ಬೆರಗುಗೊಂಡಿತ್ತೆಂದು ನನ್ನ ಊಹೆ. ನೋಡಿ ಹೇಳುವುದು ಕಷ್ಟ.

“ಕಲಾಯಿ ಹಾಕಾಕ ಬಂದೇವೋ, ಅಡಗಿ ಸಾಲಿ ತಗ್ಯಾಕ ಬಂದೇವೋ?” ಎಂದು ಮದರಬಿ ತಿದಿಯ ಮೇಲಿನಿಂದ ಗೊಣಗಿದಳು. “ಹೊತ್ತ ಮುಣಗೂದ್ರಾಗ ಇವು ಮುಗೀತಾವೇನು?”

ಮುಗಿಯಲಿಲ್ಲ. ಇಪ್ಪತ್ತಾರಕ್ಕೆ ಇದ್ದಿಲು ತೀರಿತು. ಉಳಿದ ಐದು ಪಾತ್ರೆಗಳಿಗಾಗಿ ಇಬ್ಬರೂ ಆ ದಿನ ರೋಣದಲ್ಲೇ ತಂಗಿದರು. ನಾನು ಕಂಡ ಏಳು ವರ್ಷಗಳಲ್ಲಿ ಅದು ಮೊದಲ ಸಲ.